ಆಕಾಶಬಾವಿಯ ಆಚೆಯ ದನಿ

"ಗ್ವಾನ್ ಸೋಯ್ ಡಾನ್?"

ಅಡುಗೆಮನೆಯ ಕಿಂಡಿಯಿಂದ ತಲೆ ಹೊರಗೆ ಹಾಕಿ ಆ ಗಂಡಸು ಕೇಳಿದ್ದು ಇಷ್ಟೇ.

ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದ ಯೂಲಾನ್ ಕಿವಿಗೆ ಬಿದ್ದದ್ದು ಮಾತ್ರ 'ಗುನ್ ಡಾನ್' ಅಂತ. ಅವಳ ಊರು ಚೀನಾದ ಹಾರ್ಬಿನ್. ಅಲ್ಲಿನ ಉತ್ತರದ ಭಾಷೆಯಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ... ತೊಲಗಾಚೆ!

ಬೆಳಗಿನಿಂದ ಹಾಂಗ್‌ಕಾಂಗಿನ ಶಾಮ್ ಶುಯ್ ಪೋ ಬೀದಿಗಳಲ್ಲಿ ಕೆಲಸ ಕೇಳಿಕೊಂಡು ಅಲೆದಿದ್ದಳು. ಹೊಟ್ಟೆ ಖಾಲಿ. ಕಣ್ಣಂಚಿನಲ್ಲಿ ತಡೆದಿಟ್ಟ ನೀರು. ಆ ಒಂದು ಮಾತು ಸಾಕಾಯಿತು.

"ನೀನೇ ತೊಲಗು!" ಎಂದು ಚೀರಿದಳು. "ಕೆಲಸ ಇಲ್ಲ ಅಂದ್ರೆ ಇಲ್ಲ ಅನ್ನು. ನಾಯಿ ಓಡಿಸಿದ ಹಾಗೆ ಓಡಿಸ್ತೀಯಾ?"

 ಚಹಾ ಅಂಗಡಿಯ ಮೇಜು ಮೇಜಿನಿಂದಲೂ ನಗೆ ಸಿಡಿಯಿತು. ಗಲ್ಲಾದಲ್ಲಿ ಕುಳಿತಿದ್ದ ಯಜಮಾನಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಆತ ಮಾತ್ರ ನಗಲಿಲ್ಲ. ಒಂದು ಗಾಜಿನ ಲೋಟ ಹಿಡಿದು ಹೊರಗೆ ಬಂದ. ಕುದಿಯುವ ನೀರು, ಅದರಲ್ಲಿ ಒಡೆದು ಹಾಕಿದ ಹಸಿ ಮೊಟ್ಟೆ, ತಳದಲ್ಲಿ ಕರಗುತ್ತಿರುವ ಸಕ್ಕರೆ.

"ಕುದಿನೀರಿನ ಮೊಟ್ಟೆ..." ಎಂದ ಅವಳ ಭಾಷೆಯಲ್ಲಿ, ಒಂದೊಂದೇ ಪದವನ್ನು ಎತ್ತಿ ಇಡುವವನ ಹಾಗೆ. "ಇದರ ಹೆಸರು... ಅದು. ನಿಮ್ಮ ಕೈ ನಡುಗ್ತಿತ್ತು. ಬೇಕಾ ಅಂತ... ಕೇಳಿದೆ."

ಅಯ್ಯೋ, ಭೂಮಿ ಬಾಯಿ ಬಿಡಬಾರದಾ!

ಯೂಲಾನ್ ಲೋಟ ತೆಗೆದುಕೊಂಡಳು. ಮೊದಲ ಗುಟುಕಿಗೇ ಕಣ್ಣೀರು ಉದುರಿತು. ಆತ ಮುಖ ಬೇರೆ ಕಡೆ ತಿರುಗಿಸಿಕೊಂಡು, ಅವಳು ಅತ್ತು ಮುಗಿಸುವವರೆಗೆ ಪಕ್ಕದ ಮೇಜು ಒರೆಸುತ್ತಾ ನಿಂತ.

ಅವನ ಹೆಸರು ಪಾಕ್-ಹಿಮ್. ಯಜಮಾನಿ ಯೂನ್ ಅವನ ಸೋದರತ್ತೆ.

---

ಮೂರು ವರ್ಷದ ಹಿಂದೆ ಯೂಲಾನ್ ಮದುವೆಯಾಗಿ ಹಾಂಗ್‌ಕಾಂಗಿಗೆ ಬಂದವಳು. ಗಂಡನ ಮನೆಯಲ್ಲಿ ಅವಳು ಅಲ್ಲಿನ ಭಾಷೆಯಾದ ಕ್ಯಾಂಟನೀಸಿನ ಒಂದು ಪದ ಆಡಿದರೆ ಸಾಕು, ಗಂಡ, ಅತ್ತೆ, ನಾದಿನಿ ಎಲ್ಲರಿಗೂ ನಗು. ಅವಳ ಮುಂದೆಯೇ ಅವಳ ಬಗ್ಗೆ ಮಾತಾಡುತ್ತಿದ್ದರು. ಕೇಳಿ ಕೇಳಿ ಭಾಷೆ ಅರ್ಥವಾಗತೊಡಗಿತು. ಆದರೆ ನಗುವಿಗೆ ಹೆದರಿದ ಬಾಯಿ ಮಾತ್ರ ಮುಚ್ಚಿಕೊಂಡೇ ಹೋಯಿತು. ಕೊನೆಗೆ ಮದುವೆಯೂ ಮುರಿಯಿತು. ಊರಿಗೆ ಮರಳಲು ಮುಖವಿರಲಿಲ್ಲ.

"ಇಟ್ಕೋತೀನಿ ನಿನ್ನ. ಮೇಲೆ ಮೂರನೇ ಮಹಡೀಲಿ ನಮ್ಮ ಸಾಮಾನು ಇಡೋ ಮನೆ ಇದೆ, ಅದರ ಹಿಂದಿನ ಕೋಣೇಲಿ ಮಲಕ್ಕೋ," ಎಂದಳು ಯೂನ್ ಅತ್ತೆ. "ಆದ್ರೆ ನೋಡು ಹುಡುಗಿ, ಹೊಸ ವರ್ಷದ ಹಬ್ಬದ ಒಳಗೆ ಮೊಟ್ಟೆ ಹೆಸರೆಲ್ಲಾ ನೆಟ್ಟಗೆ ಬಾಯಿಗೆ ಬರ್ಬೇಕು. ಬೆಳಗ್ಗೆ ಇಲ್ಲಿಗೆ ಜನ ಬರೋದು ಮೊಟ್ಟೆ ತಿನ್ನೋಕೆ, ನಿನ್ನ ಚೆಂದ ನೋಡೋಕಲ್ಲ!"

ಮೊದಲ ದಿನವೇ ಎಡವಟ್ಟಾಯಿತು. ಎಣ್ಣೆಯಲ್ಲಿ ಕರಿದ ಮೊಟ್ಟೆ 'ಜೀನ್ ಡಾನ್'. ಹಬೆಯಲ್ಲಿ ಬೇಯಿಸಿದ್ದು 'ಜಿಂಗ್ ಡಾನ್'. ಬೇರೆ ಚಹಾ ಅಂಗಡಿಗಳಲ್ಲಿ ಬೆಳಗಿನ ಹೊತ್ತು ಹಬೆಮೊಟ್ಟೆ ಸಿಗುವುದಿಲ್ಲ. ಇಲ್ಲಿ ಪಾಕ್-ಹಿಮ್‌ನ ಹಟಕ್ಕೆ ಅದೊಂದು ಇತ್ತು. ಯೂಲಾನ್ ನಾಲಿಗೆಯಲ್ಲಿ ಎರಡೂ ಒಂದೇ ಆಗಿಬಿಡುತ್ತಿತ್ತು.

"ಏನಮ್ಮಾ, ಟ್ಯಾಕ್ಸಿ ರಸ್ತೆ ಮೇಲೆ ನಿಲ್ಸಿ ಬಂದಿದ್ದೀನಿ," ಎಂದು ಗಿರಾಕಿಯೊಬ್ಬ ಕೂಗಿದ. "ಕರಿದ ಮೊಟ್ಟೆ ಕೇಳಿದ್ರೆ ಇನ್ನೂ ಬರ್ಲಿಲ್ಲ. ಅದು ಮರಿಯಾಗೋವರೆಗೂ ಕಾಯ್ಬೇಕಾ?"

ಮತ್ತೆ ನಗು. ಅದೇ ಹಳೆಯ ನಗು! 

ಕಿಂಡಿಯಿಂದ ಪಾಕ್-ಹಿಮ್ ಮೆಲ್ಲಗೆ ಹೇಳಿದ. "ತಪ್ಪು ನಂದು ಅನ್ನಿ. ನಾನು... ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ ಅಂತ."

ಆ ಹೊತ್ತಿನಲ್ಲಿ ಅವಳೆದೆಯಲ್ಲಿ ಏನೋ ಒಂದು ಎಳೆ ಜಗ್ಗಿತು.

---

ಮರುದಿನ ಬೆಳಕು ಹರಿಯುವ ಮುನ್ನವೇ ಎದ್ದು, ಮೇಲಿನ ಅಡುಗೆಮನೆಯಲ್ಲಿ ನೀರು ಕಾಯಿಸಲು ನಿಂತಿದ್ದಳು.

ಆ ಹಳೆಯ ಕಟ್ಟಡದ ನಡುವೆ, ಮೇಲಿನಿಂದ ತಳದವರೆಗೆ, ಬಾವಿಯ ಹಾಗೆ ಒಂದು ಖಾಲಿ ಜಾಗ ಇಳಿದಿತ್ತು. ಎಲ್ಲರ ಅಡುಗೆಮನೆಯ ಕಿಟಕಿಗಳೂ ಅದಕ್ಕೇ ತೆರೆಯುತ್ತಿದ್ದವು. ಅಲ್ಲಿನವರು ಅದನ್ನು ಆಕಾಶಬಾವಿ ಎನ್ನುತ್ತಿದ್ದರು.

ಆಚೆ ಬದಿಯ ಕಿಟಕಿಯಿಂದ ಒಂದು ಹೆಂಗಸಿನ ದನಿ ಬಂತು.

"ಜೀನ್... ನಾಲಿಗೆ ಹಲ್ಲಿಗೆ. ಜೀನ್ ಡಾನ್. ಹೇಳು ಮರಿಹಂದಿ."

ನಿಶ್ಶಬ್ದ.

"ಜಿಂಗ್... ಮೂಗಲ್ಲಿ ಗಂಟೆ ಹೊಡಿ. ಜಿಂಗ್... ಡಾನ್. ಹೇಳು."

ಮರಿಹಂದಿ ಅನ್ನುವುದು ಆ ಊರಲ್ಲಿ ಮಕ್ಕಳನ್ನು ಮುದ್ದಿಗೆ ಕರೆಯುವ ಹೆಸರು. ಆದರೆ ಯಾವ ಮಗುವೂ ಉತ್ತರಿಸಲಿಲ್ಲ. ಬಾಣಲೆಯ ಸದ್ದು, ಎಳ್ಳೆಣ್ಣೆಯ ಘಮ, ಹಬೆಯ ಬಿಸಿ... ಎಲ್ಲಾ ಇತ್ತು, ಉತ್ತರವೊಂದು ಬಿಟ್ಟು.

ಯೂಲಾನ್ ಬಗ್ಗಿ ನೋಡಿದಳು. ಆಚೆಯ ಗಾಜಿಗೆ ಒಳಗಿನಿಂದ ಹಳೆಯ ಕಾಗದ ಅಂಟಿಸಿದ್ದರು. ದೀಪವಿರಲಿಲ್ಲ.

'ಪಾಪ, ಕರೆಂಟು ಉಳಿಸ್ತಿರಬೇಕು,' ಎಂದುಕೊಂಡಳು.

ಮೂಗಲ್ಲಿ ಗಂಟೆ... ತುಟಿ ಮುಚ್ಚಿ, ಮನಸ್ಸಿನಲ್ಲೇ ಪ್ರಯತ್ನಿಸಿದಳು. ಜಿಂಗ್. ಹೌದಲ್ಲಾ! ಮೂಗಿನೊಳಗೆ ಸಣ್ಣಗೆ ಕಂಚು ಅಲುಗಿದ ಹಾಗಾಯಿತು.

ಅಷ್ಟರಲ್ಲಿ ಮುಂಬಾಗಿಲಿನ ಬೀಗ ತಿರುಗಿತು. ಪಾಕ್-ಹಿಮ್. ಮೊಟ್ಟೆಯ ಟ್ರೇಗಳನ್ನು ಒಯ್ಯಲು ದಿನಾ ಅದೇ ಹೊತ್ತಿಗೆ ಬರುತ್ತಿದ್ದ.

ಬೀಗದ ಸದ್ದಿಗೆ ಆಚೆಯ ದನಿ ತಟ್ಟನೆ ನಿಂತುಹೋಯಿತು. ಎಳ್ಳೆಣ್ಣೆಯ ಘಮ ಕೂಡ... ಯಾರೋ ಮುಚ್ಚಳ ಮುಚ್ಚಿದ ಹಾಗೆ!

---

ದಿನ ಕಳೆದಂತೆ ಯೂಲಾನ್ ಬಾಯಿ ತೆರೆಯಿತು. ಕಲಕಿ ಹುರಿದದ್ದು 'ಚಾವ್ ಡಾನ್', ಬೇಯಿಸಿದ್ದು 'ಸಾಪ್ ಡಾನ್', ಗಂಜಿಗೆ ಹಾಕುವ ಕಪ್ಪು ಮೊಟ್ಟೆ 'ಪೇ ಡಾನ್'. ಬೆಣ್ಣೆ ಇಟ್ಟ ಬನ್ನು, ಹಾಲು ಚಹಾ, ಗಂಜಿ... ಒಂದೊಂದೂ ನಾಲಿಗೆಗೆ ಒಗ್ಗಿತು.

"ಅಬ್ಬಾ, ಈ ಉತ್ತರದವಳಿಗೆ ಯಾವ ದೇವರು ಮೈಮೇಲೆ ಬಂದ?" ಎಂದು ಯೂನ್ ಅತ್ತೆ ಬೆರಗಾದಳು.

ಗಿರಾಕಿಗಳ ಗದ್ದಲ ಇಳಿದ ಮೇಲೆ, ಹಿಂಬದಿಯ ಸ್ಟೂಲಿನ ಮೇಲೆ ಪಾಕ್-ಹಿಮ್ ಅವಳಿಗೆ ತಟ್ಟೆ ಇಡುತ್ತಿದ್ದ. ತಾನು ಮಾತ್ರ ನಿಂತೇ ಇರುತ್ತಿದ್ದ.

"ಕೂತ್ಕೊಂಡು ತಿನ್ನಬಾರದಾ ನೀವೂ?" ಎಂದು ಅವಳು ಒಮ್ಮೆ ಕೇಳಿದಳು.

"ನಾನು... ಮೊಟ್ಟೆ ತಿನ್ನಲ್ಲ."

"ಅಯ್ಯೋ ದೇವರೇ! ದಿನವಿಡೀ ಮೊಟ್ಟೆ ಮಾಡ್ತೀರಿ, ತಿನ್ನಲ್ವಾ?"

ಆತ ನಕ್ಕ. ಬಾಣಲೆ ಉಜ್ಜಲು ತೊಡಗಿದ. ಆದರೆ ಅವಳು ತಿನ್ನುವುದನ್ನು ನೋಡುವಾಗ ಅವನ ಕಣ್ಣುಗಳಲ್ಲಿ ಹಸಿದವನ ಬೆಳಕೊಂದು ಇರುತ್ತಿತ್ತು.

ಯೂಲಾನ್ ರಾತ್ರಿ ಹಾಸಿಗೆಯಲ್ಲಿ ಆ ಬೆಳಕನ್ನೇ ನೆನೆದು ಮುಗುಳ್ನಗುತ್ತಿದ್ದಳು. 'ಏನಾಗಿದೆ ನನಗೆ? ಒಂದು ಸಲ ಸುಟ್ಟುಕೊಂಡದ್ದು ಸಾಲದಾ?'

ಒಂದು ಮಧ್ಯಾಹ್ನ ಯೂನ್ ಅತ್ತೆಯನ್ನು ಸಹಜವಾಗಿ ಕೇಳಿದಳು. "ಯಜಮಾನಮ್ಮಾ, ಮೂರನೇ ಮಹಡೀಲಿ ನಮ್ಮ ಅಡುಗೆಮನೆ ಎದುರು ಇದೆಯಲ್ಲಾ, ಆ ಮನೆ ಯಾರದು?"

"ಅದಾ? ಪಾಕ್-ಹಿಮ್ ಮನೆ."

ಅತ್ತೆ ಅಷ್ಟು ಹೇಳಿ ಫೋನಿನ ಕಡೆ ತಿರುಗಿದಳು.

ಯೂಲಾನ್ ಕೈಯಲ್ಲಿದ್ದ ಒದ್ದೆ ಬಟ್ಟೆ ಹಾಗೇ ಜಾರಿತು.

ಪಾಕ್-ಹಿಮ್ ಮನೆ. ಹಾಗಾದರೆ ಆ ಹೆಂಗಸು... ಅವನ ಹೆಂಡತಿ! ಆ ಮಗು ಅವನದು!

'ಎಷ್ಟು ಪೆದ್ದಿ ನಾನು... ಕರುಣೆ ತೋರಿಸಿದವರೆಲ್ಲಾ ಪ್ರೀತಿಸ್ತಾರೆ ಅಂದ್ಕೊಂಡೆನಲ್ಲಾ!'

ಅಂದಿನಿಂದ ಅವಳು ಹಿಂಬದಿಯ ಸ್ಟೂಲಿಗೆ ಹೋಗಲಿಲ್ಲ. ಅವನಿಟ್ಟ ತಟ್ಟೆ ಆರಿಹೋಗುತ್ತಿತ್ತು. ಬೆಳಿಗ್ಗೆ ಬೀಗದ ಸದ್ದಾದರೆ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಏನಾದ್ರೂ... ತಪ್ಪಾಯ್ತಾ?" ಎಂದು ಬಾಗಿಲ ಆಚೆಯಿಂದ ಅವನು ಕೇಳಿದ.

"ನಿಮ್ಮ ಮನೆಯವರನ್ನ ಕೇಳಿ!" ಎಂದಳು.

ಅವನಿಗೆ ಏನೂ ಅರ್ಥವಾಗಲಿಲ್ಲ.

---

ಒಂಟಿತನ ಕಾಡಿದಾಗ ಮನುಷ್ಯ ಯಾವ ದನಿಗಾದರೂ ಓಗೊಡುತ್ತಾನೆ.

ಅವಳು ಆಚೆಯವಳನ್ನು ದ್ವೇಷಿಸಲು ನೋಡಿದಳು. ಆಗಲಿಲ್ಲ. ಎಷ್ಟು ತಾಳ್ಮೆ ಆ ದನಿಯಲ್ಲಿ! ಒಂದು ದಿನವೂ ಸಿಡುಕಿಲ್ಲ, ನಗೆಯಾಡಿಲ್ಲ. ಉತ್ತರ ಬಾರದಿದ್ದರೂ ಮತ್ತೆ ಮೊದಲಿನಿಂದ, ಅದೇ ಮಮತೆಯಿಂದ.

"ಜಿಂಗ್ ಡಾನ್. ಹೇಳು ಮರಿಹಂದಿ."

ಆ ಬೆಳಗ್ಗೆ ಯೂಲಾನ್ ಕಿಟಕಿ ತೆರೆದು, ತನಗೇ ಗೊತ್ತಾಗದಂತೆ, ಗಟ್ಟಿಯಾಗಿ ಹೇಳಿಬಿಟ್ಟಳು. "ಜಿಂಗ್ ಡಾನ್."

ಆಚೆ ಬಾಣಲೆಯ ಸದ್ದು ನಿಂತಿತು.

 ಆಮೇಲೆ, ಉಸಿರು ಸಿಕ್ಕಿಹಾಕಿಕೊಂಡಂತಹ ದನಿ.

"ಮಾತಾಡಿದ್ಯಾ... ಮರೀ?"

ಯೂಲಾನ್ ಬೆನ್ನ ಮೇಲೆ ತಣ್ಣನೆಯ ಬೆರಳು ಇಳಿದ ಹಾಗಾಯಿತು. ಆದರೂ ಎದೆ ತುಂಬಿ ಬಂತು. ತನ್ನ ಕ್ಯಾಂಟನೀಸ್ ಕೇಳಿ ಇಷ್ಟು ಸಂತೋಷಪಟ್ಟವರು ಈ ಊರಲ್ಲಿ ಯಾರಿದ್ದರು!

ಮರುದಿನವೂ ಉತ್ತರಿಸಿದಳು. ಅದರ ಮರುದಿನವೂ. ದನಿ ದಿನದಿಂದ ದಿನಕ್ಕೆ ಹತ್ತಿರವಾಯಿತು.

"ಹಸಿವಾಗಿದ್ಯಾ? ಬಾ, ಬಿಸಿ ಇದೆ. ಅಮ್ಮನ ಹತ್ರ ಬಾ."

ಆ ವಾರ ಹಾರ್ಬಿನ್‌ನಿಂದ ಅವಳ ಅಮ್ಮ ಫೋನ್ ಮಾಡಿದಳು. "ಬೆಳಗ್ಗೆ ಏನು ತಿಂದೆ ಮಗಳೇ?"

ಯೂಲಾನ್ ಬಾಯಿ ತೆರೆದಳು. ಮೊಟ್ಟೆ ಎನ್ನಬೇಕಿತ್ತು. ತನ್ನ ಭಾಷೆಯಲ್ಲಿ, ತೊದಲುವ ಮಕ್ಕಳಿಗೂ ಗೊತ್ತಿರುವ ಪದ... ಬರಲಿಲ್ಲ! ಹುಡುಕಿದಳು. ಅದಿದ್ದ ಜಾಗವೇ ಖಾಲಿ. ಬಾಯಿಂದ ಹೊರಟದ್ದು ಬೇರೆ ಪದ, ಬೇರೆ ರಾಗ, ಎಳೆದು ಎಳೆದು, ಮೂಗಿನಲ್ಲಿ ಗಂಟೆ ಹೊಡೆದ ಹಾಗೆ...

 ಆ ಕಡೆಯಿಂದ ಅಮ್ಮ ಅಪರಿಚಿತರೊಡನೆ ಮಾತಾಡುವ ಬಿಗುವಿನಲ್ಲಿ ಕೇಳಿದಳು.

"ಯಾರಮ್ಮಾ ನೀವು? ನನ್ನ ಮಗಳಿಗೆ ಫೋನ್ ಕೊಡಿ."

---

ಮಾರನೆಯ ದಿನ ಅಂಗಡಿಯಲ್ಲಿ ಒಬ್ಬ ಮುದುಕ, ತನ್ನ ಮೊಮ್ಮಗಳಿಗೆ ಹಬೆಮೊಟ್ಟೆ ಬೇಕೆಂದ. ಮಗು ತೊದಲುತ್ತಾ 'ಜೀನ್' ಎಂದಿತು.

ಯೂಲಾನ್ ಬಗ್ಗಿ ನಕ್ಕಳು. "ಹಾಗಲ್ಲ ಮರಿಹಂದಿ. ಮೂಗಲ್ಲಿ ಗಂಟೆ ಹೊಡಿ. ಜಿಂಗ್..."

ಅಡುಗೆಮನೆಯಲ್ಲಿ ತಟ್ಟೆಗಳ ರಾಶಿಯೇ ನೆಲಕ್ಕುರುಳಿತು.

ಪಾಕ್-ಹಿಮ್ ಹೊರಗೆ ಬಂದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಅವಳ ತೋಳು ಹಿಡಿದು ಹಿಂಬದಿಗೆ ಕರೆದೊಯ್ದ.

"ಯಾರು... ಯಾರು ಹೇಳಿಕೊಟ್ಟಿದ್ದು ಆ ಮಾತು?"

"ಕೈ ಬಿಡಿ!"

"ಅತ್ತೆ ಹೇಳಿದ್ರಾ? ನನ್ನ... ಆಟ ಆಡಿಸೋಕಾ?"

"ಆಟ ಆಡಿಸಿದ್ದು ಯಾರು?" ಅವಳ ಕಟ್ಟೆ ಒಡೆಯಿತು. "ಮನೇಲಿ ಹೆಂಡ್ತಿ ಮಗೂನ ಇಟ್ಕೊಂಡು, ಇಲ್ಲಿ ನನಗೆ ದಿನಾ ತಟ್ಟೆ ಇಡ್ತೀರಲ್ಲಾ! ನಿಮ್ಮ ಹೆಂಡ್ತೀನೇ ಹೇಳಿಕೊಟ್ಟಿದ್ದು. ದಿನಾ ಬೆಳಗ್ಗೆ, ಕಿಟಕಿಯಿಂದ. ನಿಮಗಿಂತ ಅವರೇ ವಾಸಿ!"

ಅವನ ತುಟಿ ಅಲುಗಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ತುಂಬಿತು. ಆದರೂ ಮಾತು ಬರಲಿಲ್ಲ! ಏಪ್ರನ್ ಬಿಚ್ಚಿ ಎಸೆದು ಬೀದಿಗೆ ಹೊರಟುಹೋದ.

ಬಾಗಿಲಲ್ಲಿ ನಿಂತು ಎಲ್ಲಾ ಕೇಳಿಸಿಕೊಂಡಿದ್ದ ಯೂನ್ ಅತ್ತೆ ಗೋಡೆಗೆ ಒರಗಿದಳು.

"ಹುಡುಗೀ... ಅವನಿಗೆ ಮದುವೇನೇ ಆಗಿಲ್ಲ."

"ಮತ್ತೆ ಆ ಹೆಂಗಸು?"

ಅತ್ತೆ ಗಲ್ಲಾದಿಂದ ಒಂದು ತುಕ್ಕು ಹಿಡಿದ ಬೀಗದ ಕೈ ತೆಗೆದಳು. "ಬಾ, ನೋಡು."

---

ಆಚೆಯ ಮನೆಯ ಬಾಗಿಲು ತೆರೆದಾಗ ಹಳೆಯ ಗಾಳಿ ಮುಖಕ್ಕೆ ಬಡಿಯಿತು. ನೆಲದ ಮೇಲೆ ಒಂದು ಹೆಜ್ಜೆಯ ಗುರುತೂ ಇಲ್ಲದ ದಪ್ಪ ಧೂಳು. ಅಡುಗೆಮನೆಯ ಒಲೆಯ ಮೇಲೆ ಜೇಡರ ಬಲೆ. ಕಿಟಕಿಗೆ ಒಳಗಿನಿಂದ ಅಡ್ಡಡ್ಡ ಹಲಗೆ ಹೊಡೆದಿದ್ದರು.

"ಈ ಮನೆ ಅವನ ಹೆಸರಲ್ಲಿದೆ ಅಷ್ಟೇ, ಎಷ್ಟೋ ವರ್ಷದಿಂದ ಯಾರೂ ಇಲ್ಲಿಲ್ಲ. ನೀನು ಕೇಳಿದ್ದು ಅವನ ಅಮ್ಮನ ದನಿ. ನನ್ನ ತಮ್ಮನ ಹೆಂಡ್ತಿ," ಎಂದಳು ಅತ್ತೆ. "ಇವನಿಗೆ ಆರು ವರ್ಷವಾದ್ರೂ ಮಾತು ಬಂದಿರ್ಲಿಲ್ಲ. ಜನ ಮೂಗ ಅಂದ್ರು. ಅವಳು ಒಪ್ಪಲಿಲ್ಲ. ಅವನಿಗೆ ಮೊಟ್ಟೆ ಅಂದ್ರೆ ಪ್ರಾಣ. ಅದಕ್ಕೇ ಮೊಟ್ಟೆ ಹೆಸರಿಂದಲೇ ಮಾತು ಕಲಿಸ್ತೀನಿ ಅಂತ ದಿನಾ ಬೆಳಗ್ಗೆ ಕೂರಿಸ್ಕೊಂಡು... ಮೂಗಲ್ಲಿ ಗಂಟೆ ಹೊಡಿ ಅನ್ನೋದು ಅವಳ ಮಾತು. ಅವಳು ಬಿಟ್ರೆ ಆ ಮಾತು ಲೋಕದಲ್ಲಿ ಯಾರೂ ಆಡಿಲ್ಲ."

ಯೂಲಾನ್ ಹಲಗೆ ಹೊಡೆದ ಕಿಟಕಿಯ ಕಡೆ ತಿರುಗಿದಳು.

"ಒಂದಿನ ಪಾಠ ಹೇಳ್ತಾನೇ ಬಟ್ಟೆ ಒಣಗಿಸೋಕೆ ಕಿಟಕಿಗೆ ಒರಗಿದ್ಲು. ತುಕ್ಕು ಹಿಡಿದ ಚೌಕಟ್ಟು ಕಿತ್ತುಕೊಂಡು ಬಂತು. ಅದು ಸಡಿಲ ಆಗೋದು ಇವನಿಗೆ ಕಾಣಿಸ್ತಿತ್ತಂತೆ. ಕೂಗೋಕೆ ಬಾಯಿ ಬರ್ಲಿಲ್ಲ... ಸೀದಾ ಬಾವಿಗೆ ಬಿದ್ದು ಹೋದ್ಲು."

ಅತ್ತೆ ಅಂಗಿಯ ತೋಳಿನಿಂದಲೇ ಕಣ್ಣೊರೆಸಿಕೊಂಡಳು.

"ಮಣ್ಣು ಮಾಡೋ ದಿನ, ಅವಳ ಫೋಟೋ ಮುಂದೆ ಇವನು ಮೊದಲ ಸಲ ಬಾಯಿ ಬಿಟ್ಟ. ಜಿಂಗ್ ಡಾನ್ ಅಂದ. ಪಾಪ, ಮಗುವಿಗೆ ಹಸಿವಾಗಿದೆ ಅಂದ್ಕೊಂಡೆವು ನಾವು."

ಯೂಲಾನ್ ಹಲಗೆಯನ್ನು ಮುಟ್ಟಿದಳು. ಒಳಬದಿಯಲ್ಲಿ ಹಬೆಯ ಹನಿಗಳು ಸಾಲುಗಟ್ಟಿದ್ದವು. ಬೆಚ್ಚಗಿದ್ದವು.

"ಪ್ರತಿ ವರ್ಷ ನಿನ್ನ ಆತ್ಮಕ್ಕೆ ಅಂತ ಕಾಗದದ ಹಣ ಸುಟ್ಟಿದ್ದೀನಿ, ಊದುಬತ್ತಿ ಹಚ್ಚಿದ್ದೀನಿ. ಏನು ಕಮ್ಮಿ ಮಾಡ್ದೆ ನಿನಗೆ?" ಎಂದು ಅತ್ತೆ ಖಾಲಿ ಅಡುಗೆಮನೆಯನ್ನು ನೋಡಿ ಗದರಿದಳು. ಆಮೇಲೆ ಯೂಲಾನ್ ಕೈ ಎಳೆದುಕೊಂಡು ಹೊರಗೆ ಓಡಿದಳು. "ಇವತ್ತು ನನ್ನ ಮನೇಲಿ ಮಲಗು. ಮೇಲೆ ಹೋಗಬೇಡ."

---

ಅತ್ತೆಯ ಮನೆಯಲ್ಲೇ ಮಲಗಿದ್ದಳು. ಅದು ಖಂಡಿತ. ಆದರೆ ಎಚ್ಚರವಾದಾಗ ಮೂರನೇ ಮಹಡಿಯ ಅಡುಗೆಮನೆಯಲ್ಲಿ, ಬರಿಗಾಲಿನಲ್ಲಿ ನಿಂತಿದ್ದಳು. ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಹೊರಗೆ ಬೂದು ಬೆಳಕು.

ಆಚೆಯ ಕಿಟಕಿ... ತೆರೆದಿತ್ತು!

ಒಳಗೆ ಹಳದಿ ದೀಪ. ಹಬೆ. ಹಬೆಯ ನಡುವಿನಿಂದ ಒಂದು ಕೈ ಬಟ್ಟಲು ಹಿಡಿದು ಚಾಚಿತ್ತು. ಬಟ್ಟಲಲ್ಲಿ ರೇಷ್ಮೆಯಂತೆ ನುಣುಪಾದ ಹಳದಿ ಮೊಟ್ಟೆ.

"ಬಾ ಮರಿ. ಎಷ್ಟು ದಿನದಿಂದ ಕಾಯ್ತಿದ್ದೀನಿ. ಒಂದು ಹೆಜ್ಜೆ ಅಷ್ಟೇ."

'ಒಂದೇ ಹೆಜ್ಜೆ...' ಯೂಲಾನ್‌ಗೆ ಹೆದರಿಕೆಯಾಗಲಿಲ್ಲ. ಹಸಿವಾಯಿತು. ಜನ್ಮದ ಹಸಿವು! ಮೊಣಕಾಲು ಕಿಟಕಿಯ ಕಟ್ಟೆ ಏರಿತು.

ಮುಂಬಾಗಿಲ ಬೀಗ ತಿರುಗಿತು. ಈ ಸಲ ದನಿ ನಿಲ್ಲಲಿಲ್ಲ.

ಕ್ಷಮೆ ಕೇಳಬೇಕೆಂದು ಇಡೀ ಇರುಳು ಮಾತು ಜೋಡಿಸಿಕೊಂಡು ಬಂದಿದ್ದ ಪಾಕ್-ಹಿಮ್‌ಗೆ ಮೊದಲು ಕೇಳಿಸಿದ್ದು ತನ್ನ ತಾಯಿಯ ರಾಗ. ಯೂಲಾನ್ ಬಾಯಿಂದ.

"ಬರ್ತೀನಿ ಅಮ್ಮಾ..."

ಅವನು ಓಡಿದ. ಅವಳ ಸೊಂಟ ತಬ್ಬಿ ಹಿಂದಕ್ಕೆಳೆದ. ಇಬ್ಬರೂ ನೆಲಕ್ಕೆ ಬಿದ್ದರು.

"ಯೂಲಾನ್! ನೋಡು ನನ್ನ! ಯೂಲಾನ್!"

ಅವಳ ಕಣ್ಣಿಗೆ ಅವನ ಮುಖ ನಿಧಾನವಾಗಿ ಬಂತು. ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅವರು ಕರೀತಿದ್ದಾರೆ... ಈಗಲೂ ಕರೀತಿದ್ದಾರೆ. ನಿಮಗೆ ಕೇಳಿಸ್ತಿಲ್ವಾ?"

"ಇಲ್ಲ." ಅವನ ದನಿ ಒಡೆಯಿತು. "ಎಷ್ಟು ವರ್ಷ ಈ ಕಿಟಕಿ ಹತ್ರ ನಿಂತಿದ್ದೀನಿ. ಒಂದು ಸಲವೂ... ಕೇಳಿಸಿಲ್ಲ. ಕೋಪ ಇರ್ಬೇಕು ನನ್ನ ಮೇಲೆ."

"ಕೋಪ ಇಲ್ಲ!" ಅವಳು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. "ನಾನು ದಿನಾ ಕೇಳಿದ್ದೀನಿ. ಕೋಪ ಇಲ್ಲ ಪಾಕ್-ಹಿಮ್. ಪಾಠ ಹೇಳ್ತಿದ್ದಾರೆ ಅಷ್ಟೇ. ಉತ್ತರಕ್ಕೆ ಕಾಯ್ತಿದ್ದಾರೆ. ನಾನು ಉತ್ತರ ಹೇಳಿದ್ದಕ್ಕೆ ನೀನೇ ಅಂದ್ಕೊಂಡ್ರು. ಹೇಳು... ಅವರಿಗೆ ನೀನು ಹೇಳು!"

"ಏನಂತ?"

ಅವಳು ಕಿವಿಗೊಟ್ಟಳು. "ಜೀನ್ ಡಾನ್ ಅಂತಿದ್ದಾರೆ."

ಅವನು ಕಿಟಕಿಯ ಕಟ್ಟೆ ಹಿಡಿದು ನಿಂತ. ಯೂಲಾನ್ ಅವನ ಇನ್ನೊಂದು ಕೈ ಹಿಡಿದಳು.

"ಜೀನ್... ಡಾನ್."

ಅವಳು ಪಿಸುಗುಟ್ಟಿದಳು. "ಚಾವ್ ಡಾನ್."

"ಚಾವ್ ಡಾನ್, ಅಮ್ಮಾ."

"ಮೂಗಲ್ಲಿ ಗಂಟೆ ಹೊಡಿ ಅಂತಿದ್ದಾರೆ..."

"ಜಿಂಗ್ ಡಾನ್!" ಅವನ ಕೆನ್ನೆಯ ಮೇಲೆ ನೀರು ಧಾರೆಯಾಗಿತ್ತು. "ಜಿಂಗ್ ಡಾನ್ ಅಮ್ಮಾ! ಬರುತ್ತೆ ನನಗೆ! ಎಲ್ಲಾ ಬರುತ್ತೆ!"

ಆಚೆ ಏನೋ ನಕ್ಕ ಹಾಗೆ, ಅತ್ತ ಹಾಗೆ. ಆಮೇಲೆ ಯೂಲಾನ್‌ಗೆ ಒದ್ದೆ ಬಟ್ಟೆ ಒದರುವ ಸದ್ದು ಕೇಳಿಸಿತು. ಬಿದಿರಿನ ಗಳ ಕಿಟಕಿಗೆ ತಾಗುವ ಸದ್ದು. ಕಬ್ಬಿಣದ ಚೌಕಟ್ಟು ಕಿರ್ ಎನ್ನುವ ಸದ್ದು...

"ಅವರು ಬಟ್ಟೆ ಒಣಗಿಸೋಕೆ ಬರ್ತಿದ್ದಾರೆ," ಎಂದಳು ಬೆದರಿ. "ಕಿಟಕಿ ಹತ್ರ... ಬರ್ತಿದ್ದಾರೆ!"

ಅವನ ಗಂಟಲಲ್ಲಿ ಆ ಹಳೆಯ ಗಂಟು ಮತ್ತೆ ಬಿಗಿಯಿತು. ನರ ಉಬ್ಬಿತು. ತುಟಿ ತೆರೆದೇ ಉಳಿಯಿತು. ಯೂಲಾನ್ ಅವನ ಕೈಯನ್ನು ತನ್ನ ಎದೆಗೆ ಒತ್ತಿಕೊಂಡಳು.

"ಈಗ ಹೇಳು. ಈಗಲೇ!"

"ಅಮ್ಮಾ!!" ಇಡೀ ಆಕಾಶಬಾವಿ ನಡುಗುವ ಹಾಗೆ ಅವನು ಕೂಗಿದ. "ಅಮ್ಮಾ, ಕಿಟಕಿ ಸಡಿಲ ಆಗಿದೆ! ಒರಗಬೇಡ! ಹಿಂದೆ ಹೋಗು, ಅಮ್ಮಾ... ಒಳಗೆ ಹೋಗು!"

ಆ ಕೂಗು ಕೆಳಗಿಳಿದು, ಮೇಲೇರಿ, ಎಲ್ಲಾ ಮಹಡಿಗಳ ಗಾಜನ್ನೂ ಮುಟ್ಟಿ ಅಡಗಿತು.

ಬಟ್ಟೆಯ ಸದ್ದು ನಿಂತಿತು.

ಆಮೇಲೆ ಹೆಜ್ಜೆಗಳು. ಕಿಟಕಿಯಿಂದ ದೂರ, ಮೆಲ್ಲಗೆ, ಒಳಮನೆಯ ಕಡೆಗೆ ಹೋಗುವ ಹೆಜ್ಜೆಗಳು. ಕೊನೆಗೆ ಕಿಟಕಿಯನ್ನು ಒಳಗಿನಿಂದ ಎಳೆದು, ಚಿಲಕ ಹಾಕಿದ ಸದ್ದು.

ಪಾಕ್-ಹಿಮ್ ತಟ್ಟನೆ ಅವಳ ಕಡೆ ತಿರುಗಿದ. "ಅದು... ಆ ಚಿಲಕ..."

"ಕೇಳಿಸ್ತಾ?"

ಅವನು ಹೌದೆಂದು ತಲೆಯಾಡಿಸಿದ.  

ಆಚೆ ಬರೀ ಧೂಳು ಹಿಡಿದ ಗಾಜು, ಅದಕ್ಕಂಟಿದ ಹಳೆಯ ಕಾಗದ. ಬೆಳಕು ಹರಿಯಿತು.

---

ಆ ದನಿ ಮತ್ತೆಂದೂ ಬರಲಿಲ್ಲ.

ಯೂಲಾನ್‌ಗೆ ಅವಳ ಪದಗಳು ಒಂದೊಂದಾಗಿ ಮರಳಿದವು. ಕಳೆದುಹೋದ ಕುರಿಗಳು ದೊಡ್ಡಿಗೆ ಬರುವ ಹಾಗೆ. ಫೋನಿನಲ್ಲಿ ಅವಳು ತನ್ನ ಭಾಷೆಯಲ್ಲೇ ಮೊಟ್ಟೆ ಎಂದಾಗ ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. "ಸಾಕು ಮಗಳೇ ಆ ಊರ ಸಹವಾಸ. ಟಿಕೆಟ್ ಕಳಿಸ್ತೀನಿ. ಮನೆಗೆ ಬಾ."

ಅವಳಿಗೂ ಹೌದೆನ್ನಿಸಿತು. 'ಈ ಬಾಯಲ್ಲಿ ನನ್ನದು ಯಾವುದು, ಇನ್ನೊಬ್ಬರದು ಯಾವುದು? ಇಲ್ಲಿದ್ದರೆ ಗೊತ್ತಾಗುತ್ತಾ?'

 ಅವಳು ಹೊರಡುವ ಸುದ್ದಿ ಕೇಳಿ ಪಾಕ್-ಹಿಮ್ ಒಂದಿಡೀ ದಿನ ಮೊಟ್ಟೆಗಳನ್ನು ಸುಟ್ಟು ಕರಕಲು ಮಾಡಿದ, ಅಷ್ಟೇ.

"ಲೋ, ಬಾಯಿಗೆ ಬೀಗ ಹಾಕ್ಕೊಂಡು ಹುಟ್ಟಿದವನೇ," ಎಂದು ಅತ್ತೆ ಬೈದಳು. "ಅವಳು ಹೋದ್ಮೇಲೆ ಯಾರ ಮುಂದೆ ಬಿಚ್ತೀಯೋ ಅದನ್ನ?"

ಹೊರಡುವ ದಿನ ಯೂಲಾನ್ ಬಸ್ ನಿಲ್ದಾಣದಲ್ಲಿ ನಿಂತಿದ್ದಾಗ, ಜನರನ್ನು ಸರಿಸಿಕೊಂಡು ಅವನು ಓಡಿ ಬಂದ. ಏಪ್ರನ್ ಇನ್ನೂ ಸೊಂಟದಲ್ಲೇ ಇತ್ತು. ಏದುಸಿರು.

"ನಂಗೆ... ಸಮಯಕ್ಕೆ ಸರಿಯಾಗಿ ಮಾತು ಬರಲ್ಲ."

"ಗೊತ್ತು."

"ಅಮ್ಮನ ವಿಷಯದಲ್ಲಿ ತಡವಾಯ್ತು. ಎಷ್ಟೋ ವರ್ಷ ತಡ." ಅವನು ಉಸಿರು ಎಳೆದುಕೊಂಡ. "ಈ ಸಲ ತಡ ಆಗಬಾರದು ಅಂತ... ದಾರಿಯುದ್ದಕ್ಕೂ ಓಡಿದೆ. ಯೂಲಾನ್, ನೀನು ತಟ್ಟೆ ಮುಂದೆ ಕೂತಾಗ ನನ್ನ ಹೊಟ್ಟೆ ತುಂಬ್ತಿತ್ತು. ನೀನು ಬಾಗಿಲು ಹಾಕ್ಕೊಂಡಾಗ ಉಸಿರು ಕಟ್ತು. ಅದಕ್ಕೆ ಏನಂತಾರೋ ಗೊತ್ತಿಲ್ಲ. ಪ್ರೀತಿ ಅಂತಾರೇನೋ. ಅಂದ್ರೆ... ಅಂತಾರೆ. ಹೌದು. ಪ್ರೀತಿ."

ಬ್ಯಾಗಿನ ಹಿಡಿಯನ್ನು ಬಿಗಿಹಿಡಿದಿದ್ದ ಅವಳ ಬೆರಳುಗಳು ಸಡಿಲವಾದವು.

"ಒಂದು ಪದ ಹೇಳಿಕೊಡ್ತೀಯಾ?" ಎಂದ. "ನಿನ್ನ ಭಾಷೇಲಿ... ಹೋಗಬೇಡ ಅನ್ನೋಕೆ ಏನಂತಾರೆ?"

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು.

"ಬಿಯೇ ಜೋವ್," ಎಂದಳು.

"ಬೇ ಜಾವ್."

"ತಪ್ಪು."

"ಬೀ... ಜೋ."

"ಇನ್ನೂ ತಪ್ಪು."

"ಬಿಯೇ ಜೋವ್." ಅವನು ಅವಳ ಕಣ್ಣುಗಳನ್ನೇ ನೋಡುತ್ತಾ ಹೇಳಿದ. ಮತ್ತೆ ಹೇಳಿದ. ಮತ್ತೆ... ಸರದಿಯಲ್ಲಿದ್ದವರೆಲ್ಲಾ ಹತ್ತಿದರು. ಚಾಲಕ ಹಾರನ್ ಒತ್ತಿ, ಗೊಣಗಿ, ಬಾಗಿಲು ಮುಚ್ಚಿಕೊಂಡು ಹೊರಟುಹೋದ.

ಇಬ್ಬರೂ ಖಾಲಿ ನಿಲ್ದಾಣದಲ್ಲಿ ಉಳಿದರು.

"ಈಗ... ಸರಿಯಾಯ್ತಾ?" ಎಂದು ಅಳುಕುತ್ತಾ ಕೇಳಿದ.

"ಮೊದಲನೇ ಸಲವೇ ಅರ್ಥ ಆಗಿತ್ತು," ಎಂದಳು.

"ಮತ್ತೆ ಯಾಕೆ ಅಷ್ಟು ಸಲ ಹೇಳಿಸಿದೆ?"

ಅವಳು ಹಣೆಯನ್ನು ಅವನ ಭುಜಕ್ಕೆ ಆನಿಸಿದಳು.

"ನನ್ನ ಇರು ಅಂತ ಈವರೆಗೂ ಯಾರೂ ಕೇಳಿರಲಿಲ್ಲ ಪಾಕ್-ಹಿಮ್... ಕೇಳ್ತಾನೇ ಇರೋಣ ಅನ್ನಿಸ್ತು."